ಹುಂಜದ ಮುದ್ರೆ, ಮಾವನ ಕಾಫಿ ಪುಡಿ

‘ನಿಮ್ದು ಚಿಕ್ಕಮಗಳೂರು ಜಿಲ್ಲೇನಾ? ಹಾಗಾದ್ರೆ ಕಾಫಿ ಎಸ್ಟೇಟ್ ಇರಬೇಕಲ್ಲ!’

ಬೆಂಗಳೂರಿಗೆ ಬಂದಾಗಿನಿಂದ ಆಫೀಸಿನಲ್ಲಿ ಈ ಮಾತು ಕೇಳ್ತಾನೇ ಇದ್ದೀನಿ. ನಮ್ಮೂರು ಅಜ್ಜಂಪುರದ ಹತ್ತಿರದ ಶಿವನಿ. ನಮ್ಮ ಮನೇಲಿ ಅಡಿಕೆ, ತೆಂಗು ಇದೆ, ಬೋರ್‌ವೆಲ್ ಚಿಂತೆ ಇದೆ. ಕಾಫಿ ಗಿಡ ಒಂದೂ ಇಲ್ಲ.

ಆದರೂ ಕಳೆದ ದೀಪಾವಳಿಗೆ ಊರಿಗೆ ಹೋದಾಗ ಸೋದರಮಾವ ಹೊಸ ಪ್ಲಾನ್ ಹೇಳಿದರು. ಆನ್‌ಲೈನ್‌ನಲ್ಲಿ ಕಾಫಿ ಪುಡಿ ವ್ಯಾಪಾರ. ವೆಬ್‌ಸೈಟ್ ನಾನು ಮಾಡಿಕೊಡಬೇಕು. ಪೊಟ್ಟಣದ ಮೇಲಿನ ಹೆಸರು ‘ಬಾಬಾಬುಡನ್‌ಗಿರಿ ಅರೇಬಿಕಾ’.

‘ಬೀಜ ಎಲ್ಲಿಂದ ತರ್ತೀರಿ ಮಾವ?’

‘ಎಲ್ಲಿ ಅಗ್ಗಕ್ಕೆ ಸಿಗುತ್ತೋ ಅಲ್ಲಿಂದ. ಚಿಕೋರಿ ಬೆರೆಸಿದ ಮೇಲೆ ಯಾರಿಗೆ ಗೊತ್ತಾಗುತ್ತೆ ಬಿಡು.’

ನನ್ನ ಇಂಜಿನಿಯರಿಂಗ್ ಫೀಸು ಕಟ್ಟಿದವರು ಮಾವ. ಎದುರಾಡೋಕೆ ಬಾಯಿ ಬರಲಿಲ್ಲ. ‘ನೋಡೋಣ’ ಅಂತ ಹೇಳಿ ರೈಲು ಹತ್ತಿದೆ.

ಅದೇ ವಾರ ಟೀಮ್ ಊಟ ಇತ್ತು. ಇಟಲಿಗೆ ಹೋಗಿ ಬಂದ ಸಹೋದ್ಯೋಗಿಯೊಬ್ಬರು ‘ಕಿಯಾಂಟಿ ಕ್ಲಾಸಿಕೊ’ ಎಂಬ ಕೆಂಪು ವೈನ್ ತಂದಿದ್ದರು. ನಾನು ಕುಡಿಯೋದಿಲ್ಲ, ಸುಮ್ಮನೆ ಬಾಟಲಿ ತಿರುಗಿಸಿ ನೋಡಿದೆ. ಅದರ ಮೇಲೆ ಕಪ್ಪು ಹುಂಜದ ಮುದ್ರೆ. ಯಾಕೆ ಹುಂಜ? ರಾತ್ರಿ ಕೂತು ಓದಿದೆ.

ಅದು ಫ್ಲಾರೆನ್ಸ್ ಮತ್ತು ಸಿಯೆನಾ ನಡುವಿನ ಗುಡ್ಡಗಳ ವೈನ್. 1716ರಲ್ಲೇ ಅಲ್ಲಿನ ದೊರೆ ಮೂರನೇ ಕೊಸಿಮೊ ಅದರ ಗಡಿ ಗುರುತಿಸಿದ್ದ. ಮುಂದೆ ಸುತ್ತಮುತ್ತಲಿನವರೂ ಅದೇ ಹೆಸರಲ್ಲಿ ಮಾರತೊಡಗಿದಾಗ, 1924ರಲ್ಲಿ 33 ಉತ್ಪಾದಕರು ಸೇರಿ ಹೆಸರು ಕಾಯಲು ಸಂಘ ಕಟ್ಟಿದರು. ಹುಂಜ ಆ ಸಂಘದ ಗುರುತು. ಈಗಿನ ನಿಯಮದಂತೆ ಕನಿಷ್ಠ ಶೇ. 80ರಷ್ಟು ಸ್ಯಾಂಜೊವೇಸೆ ಎಂಬ ಕೆಂಪು ದ್ರಾಕ್ಷಿಯೇ ಇರಬೇಕು. 2006ರಿಂದ ಬಿಳಿ ದ್ರಾಕ್ಷಿ ಸೇರಿಸುವಂತಿಲ್ಲ. ‘ರಿಸರ್ವಾ’ ಅಂತ ಬರೆಯಬೇಕಾದರೆ 24 ತಿಂಗಳು ಕಾಯಬೇಕು.

ನಮ್ಮಲ್ಲೂ ಇಂಥದ್ದು ಇದೆ, ಜಿಐ ಟ್ಯಾಗ್. 2019ರಲ್ಲಿ ಕೊಡಗು, ವಯನಾಡು, ಅರಕು ಕಾಫಿಗಳ ಜೊತೆಗೆ ‘ಚಿಕ್ಕಮಗಳೂರು ಅರೇಬಿಕಾ’ ಮತ್ತು ‘ಬಾಬಾಬುಡನ್‌ಗಿರಿ ಅರೇಬಿಕಾ’ಕ್ಕೂ ಅದು ಸಿಕ್ಕಿತು. ಒಂದೇ ಜಿಲ್ಲೆಯೊಳಗೆ ಎರಡು ಬೇರೆ ಹೆಸರು! ಗಿರಿಯ ಇಳಿಜಾರಿನಲ್ಲಿ ಬೆಳೆದು, ಹಣ್ಣಾದದ್ದನ್ನೇ ಕೈಯಲ್ಲಿ ಆರಿಸಿ ಕೊಯ್ದ ಕಾಫಿಯ ಹೆಸರದು. ಅದನ್ನು ನಾವು ಹಾಕಿಕೊಂಡರೆ ಅಲ್ಲಿ ಕೊಯ್ದವರ ಕೂಲಿಗೇ ಕೈ ಹಾಕಿದಂತೆ.

ಮಾವನಿಗೆ ಫೋನ್ ಮಾಡಿ, ಈ ಹೆಸರಿಟ್ಟರೆ ವೆಬ್‌ಸೈಟ್ ಮಾಡಲ್ಲ ಅಂದೆ.

‘ನಮ್ಮ ಜಿಲ್ಲೇದೇ ಅಲ್ವೇನೋ ಗಿರಿ? ನಿನ್ನ ಓದಿಸಿದ್ದು ಇದಕ್ಕೇನಾ?’

ಹೊಟ್ಟೆಗೆ ಒದ್ದ ಹಾಗಾಯ್ತು. ‘ಯಾರೋ ಹೊರಗಿನ ಅಡಿಕೇನ ನಮ್ಮ ಅಡಿಕೆ ಅಂತ ಮಾರಿದ್ರೆ ನೀವು ಸುಮ್ನಿರ್ತೀರಾ ಮಾವ?’ ಅಂದೆ. ಫೋನ್ ಕಟ್ಟಾಯ್ತು.

ಮೂರು ವಾರ ಮಾತಿಲ್ಲ. ಆಮೇಲೆ ಒಂದು ಬೆಳಿಗ್ಗೆ ವಾಟ್ಸ್ಆ್ಯಪ್‌ನಲ್ಲಿ ಲೇಬಲ್ ಫೋಟೊ ಬಂತು. ‘ಶಿವನಿ ಮನೆ ಕಾಫಿ. ಕಾಫಿ 70%, ಚಿಕೋರಿ 30%.’ ಕೆಳಗೆ ಒಂದೇ ಸಾಲು: ‘ಇದಕ್ಕಾದ್ರೂ ಮಾಡ್ಕೊಡ್ತೀಯಾ?’

ಆ ಶನಿವಾರವೇ ಕೂತು ಮಾಡಿದೆ. ವ್ಯಾಪಾರ ಇನ್ನೂ ಅಷ್ಟಕ್ಕಷ್ಟೆ. ಆದರೆ ನಮ್ಮೂರ ಹೆಸರಿನ ಪೊಟ್ಟಣ ಈಗ ಆಫೀಸಿನ ಪ್ಯಾಂಟ್ರಿಯಲ್ಲಿದೆ. ಎಸ್ಟೇಟ್ ಬಗ್ಗೆ ಕೇಳಿದವರಿಗೆ ಮೊದಲು ಅದರ ಲೇಬಲ್ ಓದಿಸ್ತೀನಿ, ಆಮೇಲೆ ಕಾಫಿ ಕೊಡ್ತೀನಿ.