ಆಟಕ್ಕುಂಟು, ಲೆಕ್ಕಕ್ಕಿಲ್ಲ

ದಪ್ಪಗಿರುವ ಮಗುವನ್ನು ಕರೆಯಲು ನಮ್ಮ ಮನೆಗಳಲ್ಲಿ ಹೆಸರುಗಳಿಗೆ ಬರವಿಲ್ಲ. ಗುಂಡ, ಗುಂಡಿ, ಡುಮ್ಮ, ಡುಮ್ಮಿ, ಲಡ್ಡು. ಮೂರು ವರ್ಷದವರೆಗೆ ಇವೆಲ್ಲ ಮುದ್ದಿನ ಹೆಸರುಗಳು. ಮಗು ಮೈಕೈ ತುಂಬಿಕೊಂಡಿದೆ ಎಂದು ಯಾರಾದರೂ ಅಂದರೆ ತಾಯಿಗೆ ಪ್ರಶಸ್ತಿ ಸಿಕ್ಕಷ್ಟು ಖುಷಿ. ದೃಷ್ಟಿ ತೆಗೆಯುವುದೂ ಅಂಥ ಮಗುವಿಗೇ ಹೆಚ್ಚು. ಅದೇ ಹೆಸರು ಎಂಟನೆಯ ವಯಸ್ಸಿನಲ್ಲಿ ಶಾಲೆಯ ಮೈದಾನಕ್ಕೆ ಬರುವ ಹೊತ್ತಿಗೆ ಅದರ ಅರ್ಥ ಬದಲಾಗಿರುತ್ತದೆ. ಹೆಸರಿಟ್ಟವರಿಗೆ ಅದು ಗೊತ್ತಾಗುವುದಿಲ್ಲ, ಹೊತ್ತವರಿಗೆ ಗೊತ್ತಾಗುತ್ತದೆ.

ನಾನು ಹೊತ್ತವನು. ಕಬಡ್ಡಿಗೆ ತಂಡ ಆರಿಸುವಾಗ ಇಬ್ಬರು ನಾಯಕರೂ ಒಬ್ಬೊಬ್ಬರನ್ನೇ ಕರೆದು ಮುಗಿಸಿದ ಮೇಲೆ ಉಳಿಯುತ್ತಿದ್ದವನು. ‘ಇವನು ಆಟಕ್ಕುಂಟು, ಲೆಕ್ಕಕ್ಕಿಲ್ಲ’ ಎಂದು ಒಂದು ಕಡೆಗೆ ಸೇರಿಸಿಬಿಡುತ್ತಿದ್ದರು. ಈ ಮಾತು ಅಣ್ಣಂದಿರ ಹಿಂದೆ ಬರುವ ತೀರಾ ಚಿಕ್ಕವರಿಗೆ ಸಲ್ಲಬೇಕಾದ್ದು. ಔಟಾದರೂ ಔಟಲ್ಲ ಎಂಬ ರಿಯಾಯಿತಿ ಅದು. ನನಗೆ ಹನ್ನೊಂದನೆಯ ವಯಸ್ಸಿನಲ್ಲೂ ಸಿಗುತ್ತಿತ್ತು. ಪಿ.ಟಿ. ಪೀರಿಯಡ್ ಇರುವ ದಿನ ಬೆಳಿಗ್ಗೆ ಹೊಟ್ಟೆನೋವು ಬರುತ್ತಿತ್ತು. ಸುಳ್ಳು ನೋವಲ್ಲ, ನಿಜವಾಗಿಯೂ ನೋಯುತ್ತಿತ್ತು. ಓಡುವುದು ನನಗೆ ಅಷ್ಟು ಕಷ್ಟವಾಗಿರಲಿಲ್ಲ. ನಾನು ಓಡುವುದನ್ನು ಜನ ನೋಡುತ್ತಾರಲ್ಲ, ಅದು ಕಷ್ಟವಾಗಿತ್ತು. ದಪ್ಪ ಮಕ್ಕಳು ಸೋಮಾರಿಗಳು ಎನ್ನುವವರು ಈ ವ್ಯತ್ಯಾಸವನ್ನು ಗಮನಿಸುವುದಿಲ್ಲ.

ಹಾಗಾಗಿ, ಬೆಂಗಳೂರಿನಲ್ಲಿರುವ ಅಕ್ಕ ತನ್ನ ಹತ್ತು ವರ್ಷದ ಮಗನಿಗೆ ವ್ಯಾಯಾಮವಾಗಲೆಂದು ವಿಡಿಯೋ ಗೇಮ್ ತರಿಸಿದ್ದಾಳೆ ಎಂದಾಗ ಮನೆಯವರೆಲ್ಲ ನಕ್ಕರೂ ನನಗೆ ನಗು ಬರಲಿಲ್ಲ. ‘ಟೀವಿ ಮುಂದೆ ಕೂತೇ ದಪ್ಪಗಾದವನಿಗೆ ಟೀವಿಯೇ ಔಷಧಿಯಾ?’ ಎಂದು ಭಾವ ಕೇಳಿದರು. ‘ಮುಳ್ಳನ್ನು ಮುಳ್ಳಿನಿಂದಲೇ ತೆಗೀಬೇಕು’ ಅಂದಳು ಅಕ್ಕ.

ಅದೊಂದು ನೃತ್ಯದ ಆಟ. ನೆಲಕ್ಕೆ ಹಾಸುವ ಚಾಪೆಯ ಮೇಲೆ ಹಿಂದೆ, ಮುಂದೆ, ಎಡಕ್ಕೆ, ಬಲಕ್ಕೆ ನಾಲ್ಕು ಬಾಣಗಳು. ಟೀವಿಯಲ್ಲಿ ಹಾಡು ಶುರುವಾದರೆ ಪರದೆಯ ಕೆಳಗಿನಿಂದ ಬಾಣಗಳು ಏರಿ ಬರುತ್ತವೆ. ಅವು ಮೇಲಿನ ಗುರುತಿಗೆ ತಾಗುವ ಕ್ಷಣಕ್ಕೆ ಸರಿಯಾಗಿ ಚಾಪೆಯ ಅದೇ ಬಾಣವನ್ನು ಕಾಲಿನಿಂದ ಒತ್ತಬೇಕು. ತಾಳ ತಪ್ಪಿದರೆ ಅಂಕವಿಲ್ಲ. ಹಾಡಿನ ವೇಗ ಏರಿದಂತೆ ಕುಣಿತವೂ ಏರುತ್ತದೆ. ಅಮ್ಮ ಕನ್ನಡಕ ಸರಿಮಾಡಿಕೊಂಡು ನೋಡಿ, ‘ಇದು ನಮ್ಮ ಕುಂಟೆಬಿಲ್ಲೆ ಅಲ್ವೇನೋ? ಬಿಲ್ಲೆ ಒಂದಿಲ್ಲ ಅಷ್ಟೇ’ ಅಂದರು.

ಈ ಆಟದ ಮೂಲ ಜಪಾನಿನ ಕೊನಾಮಿ ಕಂಪನಿ 1998ರಲ್ಲಿ ತಂದ ‘ಡ್ಯಾನ್ಸ್ ಡ್ಯಾನ್ಸ್ ರೆವಲ್ಯೂಶನ್’. ಕಾಸು ಹಾಕಿ ಆಡುವ ಅಂಗಡಿಗಳಿಗೆಂದು ಮಾಡಿದ್ದು. ಅದು ಶಾಲೆಯೊಳಗೆ ಕಾಲಿಟ್ಟ ಕಥೆ ಅಮೆರಿಕದ ವೆಸ್ಟ್ ವರ್ಜೀನಿಯಾದ್ದು. ಗುಡ್ಡಗಳ, ಕಲ್ಲಿದ್ದಲು ಗಣಿಗಳ ರಾಜ್ಯ. ಬೊಜ್ಜಿನ ಸಮಸ್ಯೆಯಲ್ಲಿ ದೇಶದ ಮುಂಚೂಣಿಯಲ್ಲಿರುವ ರಾಜ್ಯ. ಅಲ್ಲಿನ ವಿಶ್ವವಿದ್ಯಾಲಯದ ದೈಹಿಕ ಶಿಕ್ಷಣದ ಪ್ರಾಧ್ಯಾಪಕಿ ಲಿಂಡಾ ಕಾರ್ಸನ್ ಒಮ್ಮೆ ಮಾಲ್ ಒಂದರಲ್ಲಿ ಹೋಗುತ್ತಿದ್ದಾಗ ಈ ಯಂತ್ರದ ಮುಂದೆ ಮಕ್ಕಳು ಸಾಲುಗಟ್ಟಿ ನಿಂತದ್ದನ್ನು ಕಂಡು ಬೆರಗಾದರಂತೆ. ದುಡ್ಡು ಕೊಟ್ಟು, ಸರದಿ ಕಾದು, ಬೆವರುತ್ತಿರುವ ಮಕ್ಕಳು! ವ್ಯಾಯಾಮದ ಮೇಷ್ಟರಿಗೆ ಇದಕ್ಕಿಂತ ದೊಡ್ಡ ಪವಾಡ ಇನ್ನೇನು ಬೇಕು? 2006ರಲ್ಲಿ ಆ ರಾಜ್ಯ ತನ್ನ 765 ಸರ್ಕಾರಿ ಶಾಲೆಗಳಿಗೂ ಈ ಆಟ ಕೊಡುವುದಾಗಿ ಪ್ರಕಟಿಸಿತು.

ಅಲ್ಲಿನ ಸಂಶೋಧಕರು ಏಳರಿಂದ ಹನ್ನೆರಡು ವರ್ಷದ, ತೂಕ ಹೆಚ್ಚಿರುವ ಮಕ್ಕಳಿಗೆ 12 ವಾರ ಈ ಕುಣಿತ ಆಡಿಸಿ ನೋಡಿದರು. ಕೆಲವೇ ಹತ್ತಾರು ಮಕ್ಕಳ ಸಣ್ಣ ಅಧ್ಯಯನ ಅದು. ರಕ್ತನಾಳಗಳ ಕೆಲಸ ಸುಧಾರಿಸಿತ್ತು, ದಮ್ಮು ಹೆಚ್ಚಿತ್ತು. ತೂಕ ಮಾತ್ರ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ತಕ್ಕಡಿಯನ್ನಷ್ಟೇ ನೋಡುವವರಿಗೆ ಇದು ಸೋಲು. ನನಗೆ ಹಾಗನ್ನಿಸಲಿಲ್ಲ. ಮೆಟ್ಟಿಲು ಹತ್ತುವಾಗ ಏದುಸಿರು ಬಾರದಿದ್ದರೆ ಅದರ ಸುಖ ಏನೆಂದು ಹೊತ್ತವರನ್ನು ಕೇಳಬೇಕು.

ಹಾಗೆಂದು ಯಂತ್ರವನ್ನು ಹೊಗಳಲು ನಾನು ಹೊರಟಿಲ್ಲ. ಕೈ ಬೀಸಿ ಆಡುವ ನಿಂಟೆಂಡೊ ವೀ ಬಂದ ಮರುವರ್ಷ, 2007ರಲ್ಲಿ, ಲಿವರ್‌ಪೂಲಿನ ಸಂಶೋಧಕರು ಲೆಕ್ಕ ಹಾಕಿ ಹೇಳಿದರು: ಕೂತು ಆಡುವ ಆಟಕ್ಕಿಂತ ಇದರಲ್ಲಿ ಶಕ್ತಿ ಹೆಚ್ಚು ಖರ್ಚಾಗುತ್ತದೆ, ಆದರೆ ನಿಜವಾದ ಟೆನಿಸ್‌ಗೆ ಇದು ಸಾಟಿಯಲ್ಲ. ಸೋಫಾದಲ್ಲಿ ಒರಗಿಕೊಂಡೇ ಬರೀ ಮಣಿಕಟ್ಟು ತಿರುಗಿಸಿ ಗೆಲ್ಲಬಹುದೆಂದು ಕಂಡುಹಿಡಿಯಲು ಮಕ್ಕಳಿಗೆ ಎರಡು ದಿನ ಸಾಕು. 2012ರಲ್ಲಿ ಪ್ರಕಟವಾದ ಹ್ಯೂಸ್ಟನ್‌ನ ಅಧ್ಯಯನವೊಂದು ಇನ್ನೂ ಕಟುವಾಗಿತ್ತು. ಅಲ್ಲಿ ಕೆಲವು ಮಕ್ಕಳಿಗೆ ಮೈ ಕುಣಿಸುವ ಆಟ, ಇನ್ನು ಕೆಲವರಿಗೆ ಕೂತು ಆಡುವ ಆಟ ಕೊಟ್ಟು, ಹೀಗೇ ಆಡಿ ಎಂದು ಹೇಳದೆ ಮನೆಗೆ ಕಳಿಸಿದರು. ಸೊಂಟಕ್ಕೆ ಕಟ್ಟಿದ ಮಾಪಕ 13 ವಾರಗಳ ಅವಧಿಯಲ್ಲಿ ಎರಡೂ ಗುಂಪಿನ ಓಡಾಟದಲ್ಲಿ ವ್ಯತ್ಯಾಸ ತೋರಿಸಲಿಲ್ಲ.

ಅಕ್ಕನ ಮನೆಯಲ್ಲೂ ಆದದ್ದು ಅದೇ. ಮೊದಲ ಮೂರು ವಾರ ಹುಡುಗ ಬಾಗಿಲು ಹಾಕಿಕೊಂಡು ಕುಣಿದ. ಕೆಳಗಿನ ಮನೆಯವರು ಎರಡು ಸಲ ಬಂದು, ಮೇಲೆ ಏನು ಭತ್ತ ಕುಟ್ಟುತ್ತಿದ್ದೀರಾ ಎಂದು ವಿಚಾರಿಸಿಕೊಂಡು ಹೋದರು. ಚಾಪೆಯ ಕೆಳಗೆ ದಪ್ಪ ಜಮಖಾನ ಬಂತು, ಸಂಜೆ ಐದರಿಂದ ಆರು ಎಂದು ಸಮಯ ನಿಗದಿಯಾಯಿತು. ಆರನೆಯ ವಾರ ಚಾಪೆ ಮಡಿಸಿಕೊಂಡು ಮಂಚದ ಕೆಳಗೆ ಸೇರಿತು. ಹಾಡುಗಳೆಲ್ಲ ಬಾಯಿಪಾಠವಾಗಿದ್ದವು, ಗೆದ್ದರೆ ಕೇಳುವವರಿರಲಿಲ್ಲ.

ಅದನ್ನು ಮತ್ತೆ ಹೊರಗೆ ಎಳೆದವಳು ಎದುರು ಮನೆಯ ಹುಡುಗಿ. ಅವನಿಗಿಂತ ಒಂದು ವರ್ಷ ಚಿಕ್ಕವಳು, ಕಡ್ಡಿಯಂತಿದ್ದಾಳೆ. ಪುಸ್ತಕ ಕೇಳಲು ಬಂದವಳು ಚಾಪೆ ನೋಡಿ ಹಟ ಹಿಡಿದಳು. ಮೊದಲ ದಿನ ಅವಳ ಕಾಲು ಒಂದು ಬಾಣಕ್ಕೂ ಸರಿಯಾಗಿ ಬೀಳಲಿಲ್ಲ. ಇವನಿಗೋ ಆರು ವಾರದ ಅಭ್ಯಾಸ. ತನಗಿಂತ ತೆಳ್ಳಗಿರುವವರನ್ನು ಮೈಯಾಡಿಸುವ ಆಟದಲ್ಲಿ ಅವನು ಸೋಲಿಸಿದ್ದು ಬಹುಶಃ ಅದೇ ಮೊದಲು. ಚಾಪೆಗೆ ಕಾಲಿಟ್ಟವರು ಯಾರು, ಎಷ್ಟು ಕಿಲೋ ಎಂಬುದು ಗೊತ್ತಿಲ್ಲ. ತಾಳಕ್ಕೆ ಬಿದ್ದರೆ ಅಂಕ ಕೊಡುತ್ತದೆ. ಆಟವಾಡುವವನ ಕಣ್ಣು ಪರದೆಯ ಮೇಲಿರುತ್ತದೆ, ಪಕ್ಕದಲ್ಲಿ ನಿಂತವರ ಕಣ್ಣೂ ಅಲ್ಲೇ. ಕುಣಿಯುವ ಹೊಟ್ಟೆಯನ್ನು ನೋಡಲು ಯಾರಿಗೂ ಬಿಡುವಿರುವುದಿಲ್ಲ. ನನ್ನ ಬಾಲ್ಯದ ಮೈದಾನದಲ್ಲಿ ಇಲ್ಲದಿದ್ದ ಅನುಕೂಲ ಅದು.

ಆಮೇಲೆ ಓದುವಾಗ ಇದಕ್ಕೆ ಹತ್ತಿರದ ಮಾತು ಸಿಕ್ಕಿತು. ಲೂಯಿಸಿಯಾನಾದ ಪೆನಿಂಗ್‌ಟನ್ ಬಯೋಮೆಡಿಕಲ್ ಸಂಶೋಧನಾ ಕೇಂದ್ರದವರು ತೂಕ ಹೆಚ್ಚಿದ 46 ಮಕ್ಕಳನ್ನಿಟ್ಟುಕೊಂಡು ಮಾಡಿದ ಪ್ರಯೋಗ 2018ರಲ್ಲಿ ಪ್ರಕಟವಾಯಿತು. ಅವರಲ್ಲಿ ಅರ್ಧದಷ್ಟು ಮಕ್ಕಳು 24 ವಾರ ಮನೆಯಲ್ಲೇ ಇಂಥ ಆಟಗಳನ್ನು ಆಡಿದರು. ಈ ಸಲ ಆಟವನ್ನು ಕೊಟ್ಟು ಸುಮ್ಮನಾಗಲಿಲ್ಲ. ಮನೆಯವರೋ ಗೆಳೆಯರೋ ಜೊತೆಗೂಡಿ ಆಡಬೇಕು, ವೀಡಿಯೊ ಕರೆಯಲ್ಲಿ ತರಬೇತುದಾರರೊಬ್ಬರು ಆಗಾಗ ವಿಚಾರಿಸಬೇಕು ಎಂಬ ಏರ್ಪಾಡಿತ್ತು. ಬಹುಪಾಲು ಮಕ್ಕಳು ಕೊನೆಯವರೆಗೂ ಆಡಿದರು. ಎತ್ತರ, ವಯಸ್ಸಿಗೆ ಹೋಲಿಸಿದ ತೂಕ ಆಡಿದವರಲ್ಲಿ ತುಸು ಇಳಿದಿತ್ತು, ಆಡದವರಲ್ಲಿ ತುಸು ಏರಿತ್ತು. ಹ್ಯೂಸ್ಟನ್‌ನ ಮಕ್ಕಳಿಗೆ ಕೊಟ್ಟದ್ದೂ ಮೈ ಕುಣಿಸುವ ಆಟವನ್ನೇ. ಎದುರಿಗೊಬ್ಬ ಮನುಷ್ಯ ಇದ್ದದ್ದೇ ವ್ಯತ್ಯಾಸ ಎಂದು ನನಗನ್ನಿಸುತ್ತದೆ.

ಮಕ್ಕಳು ದಿನಕ್ಕೆ 60 ನಿಮಿಷ ಚೆನ್ನಾಗಿ ಮೈಯಾಡಿಸಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮ ಹುಡುಗನದು ಇನ್ನೂ ಅಷ್ಟಾಗುತ್ತಿಲ್ಲ. ವಾರದಲ್ಲಿ ಮೂರು ದಿನ ಚಾಪೆ, ಎರಡು ದಿನ ಅದೇ ಹುಡುಗಿಯ ಜೊತೆ ಕೆಳಗೆ ಪಾರ್ಕಿಂಗ್ ಜಾಗದಲ್ಲಿ ಶಟಲ್. ತೂಕ ಒಂದು ಕಿಲೋ ಕೂಡ ಇಳಿದಿಲ್ಲ. ಬೆಳೆಯುವ ಮಗು, ತೂಕ ಏರದೆ ಎತ್ತರ ಏರಿದರೂ ಒಳ್ಳೆಯದೇ ಎಂದು ಡಾಕ್ಟರು ಅಕ್ಕನಿಗೆ ಸಮಾಧಾನ ಹೇಳಿ ಕಳಿಸಿದ್ದಾರೆ.

ಕಳೆದ ಸಲ ಹೋದಾಗ ಒಳಗೆ ದೊಡ್ಡ ಜಗಳ ನಡೆದಿತ್ತು. ಅವಳು ಹಾಡು ಮುಗಿಯುವ ಮೊದಲೇ ಆಟ ನಿಲ್ಲಿಸಿ ತನ್ನ ಸೋಲನ್ನು ಅಳಿಸಿಬಿಟ್ಟಿದ್ದಳು. ಮೋಸ, ಮೋಸ ಎಂದು ಇವನು ಕೂಗುತ್ತಿದ್ದ. ಅಕ್ಕ ಬಿಡಿಸಲು ಎದ್ದಳು. ನಾನು ಬೇಡ ಅಂದೆ. ಲೆಕ್ಕಕ್ಕಿಲ್ಲದವನಿಗೆ ಯಾರೂ ಮೋಸ ಮಾಡುವುದಿಲ್ಲ. ನನಗೆ ಆ ಮೈದಾನದಲ್ಲಿ ಒಮ್ಮೆಯೂ ಯಾರೂ ಮಾಡಿರಲಿಲ್ಲ.