ಕಾಲು ಟ್ಯಾಂಕ್ ಪೆಟ್ರೋಲು

ಮೊದಲೇ ಹೇಳಿಬಿಡುತ್ತೇನೆ, ನಗಬಾರದು. ಹಗಲು ಎಂಟನೇ ಕ್ಲಾಸಿನ ಮಕ್ಕಳಿಗೆ ವಿಜ್ಞಾನ ಪಾಠ ಮಾಡುವ ಈ ಮೇಷ್ಟ್ರು ರಾತ್ರಿ ಊಟ ಆದ ಮೇಲೆ ಯುದ್ಧ ವಿಮಾನ ಹಾರಿಸುತ್ತಾನೆ. ಕಂಪ್ಯೂಟರಿನಲ್ಲಿ ಸ್ವಾಮಿ! ಆಟದ ಹೆಸರು ಐಎಲ್-2 ಸ್ಟರ್ಮೊವಿಕ್. ರಷ್ಯಾದವರು ಮಾಡಿದ್ದು, 2001ರಲ್ಲಿ ಬಂದದ್ದು. ನಾನು ಆಡುವುದು 2006ರ '1946' ಎಂಬ ಆವೃತ್ತಿ. ಹಳೆಯ ಆಟ ನಿಜ, ನನ್ನ ಕಂಪ್ಯೂಟರೂ ಹಳೆಯದೇ. ಇಬ್ಬರಿಗೂ ಸರಿಹೊಂದಿದೆ.

ಇದನ್ನು ನನಗೆ ಅಂಟಿಸಿದವನು ಅಕ್ಕನ ಮಗ. ಮಂಗಳೂರಿನಲ್ಲಿ ರೂಮು ಮಾಡಿಕೊಂಡು ಡಿಪ್ಲೊಮಾ ಓದುತ್ತಿದ್ದಾನೆ. ಅವನು ಅಲ್ಲಿಂದ, ನಾನು ಗಡಿಯ ಈಚೆ ಕಾಸರಗೋಡಿನ ಹಳ್ಳಿಯಿಂದ, ಅಂತರ್ಜಾಲದಲ್ಲಿ ಒಂದೇ ಆಕಾಶಕ್ಕೆ ಬರುತ್ತೇವೆ. ಕರೆಂಟು ಹೋದರೆ ಯುದ್ಧವಿರಾಮ. ಕಳೆದ ವರ್ಷ ಅವನಿಗೆ ಎರಡು ವಿಷಯ ಹೋಯಿತು. ಅಕ್ಕ ಫೋನು ಮಾಡಿ, "ನಿನ್ನ ಮಾತು ಆದ್ರೆ ಅವ ಕೇಳ್ತಾನೆ, ಸ್ವಲ್ಪ ಮಾತಾಡ್ತಾ ಇರು ಮಾರಾಯ" ಎಂದಳು. ಬುದ್ಧಿ ಹೇಳಲು ಹೋದರೆ ಈಗಿನ ಹುಡುಗರು ಫೋನು ಎತ್ತುವುದಿಲ್ಲ. ಆಟಕ್ಕೆ ಕರೆದರೆ ಎತ್ತುತ್ತಾರೆ. ಹೀಗೆ ವಾರಕ್ಕೆ ಎರಡು ರಾತ್ರಿ ನಮ್ಮ ಕಾಳಗ ಶುರುವಾಯಿತು.

ವಿಮಾನ ಹಂಚಿಕೊಂಡದ್ದು ಹೀಗೆ: ನನಗೆ ಜಪಾನಿನ ಝೀರೋ, ಅವನಿಗೆ ಅಮೆರಿಕದ ವೈಲ್ಡ್‌ಕ್ಯಾಟ್. 1942ರಲ್ಲಿ ಪೆಸಿಫಿಕ್ ಸಾಗರದ ಮೇಲೆ ನಿಜವಾಗಿ ಎದುರುಬದುರಾದ ಜೋಡಿ. ಮೊದಲೇ ಮಾತಾಡಿಕೊಂಡ ಹಾಗೆ ಇಬ್ಬರೂ 3000 ಮೀಟರಿಗೆ ಏರುವುದು, ಎದುರೆದುರು ಹಾದುಹೋಗುವುದು, ಆಮೇಲೆ ಶುರು. ಎರಡು ಮೂರು ಸುತ್ತು ತಿರುಗುವಷ್ಟರಲ್ಲಿ ನಾನು ಅವನ ಬಾಲದ ಹಿಂದೆ. ಪ್ರತಿ ಸಲ. ಒಂದು ತಿಂಗಳು ಹೀಗೇ ನಡೆಯಿತು.

ಯಾಕೆ ಹೀಗೆ ಎಂದು ಮೇಷ್ಟ್ರಾದ ನಾನು ವಿವರಿಸದೆ ಬಿಡುತ್ತೇನೆಯೇ? ವಿಮಾನ ತಿರುಗುವುದು ಕಾರು ತಿರುಗಿದ ಹಾಗಲ್ಲ. ರೆಕ್ಕೆಯನ್ನು ಓರೆ ಮಾಡಬೇಕು, ಆಗ ರೆಕ್ಕೆಯ ಎತ್ತುವ ಬಲದಲ್ಲಿ ಒಂದು ಪಾಲು ವಿಮಾನವನ್ನು ವೃತ್ತದ ಒಳಕ್ಕೆ ಎಳೆಯುತ್ತದೆ. ಪೈಲಟ್ ತನ್ನ ತೂಕದ ಮೂರು ಪಟ್ಟು ಭಾರ ತಾಳಿಕೊಂಡು, ಅಂದರೆ 3 ಜಿ ಯಲ್ಲಿ, ಗಂಟೆಗೆ 360 ಕಿಲೋಮೀಟರ್ ವೇಗದಲ್ಲಿ ತಿರುಗಿದರೆ ವೃತ್ತದ ತ್ರಿಜ್ಯ ಸುಮಾರು 360 ಮೀಟರ್, ಒಂದು ಸುತ್ತಿಗೆ 23 ಸೆಕೆಂಡು. ಅದೇ 3 ಜಿ ಯಲ್ಲಿ ವೇಗ 540 ಆದರೆ ತ್ರಿಜ್ಯ 810 ಮೀಟರ್, ಸುತ್ತಿಗೆ 34 ಸೆಕೆಂಡು. ಹಾಗಾಗಿ ಸುತ್ತುವ ಕಾಳಗದಲ್ಲಿ, ನಿಧಾನ ಹೋಗಿಯೂ ಗಾಳಿಯಿಂದ ಜಾರಿ ಬೀಳದವನೇ ಗೆಲ್ಲುವುದು. ನಿಧಾನ ಹೋಗಲು ರೆಕ್ಕೆಯ ಮೇಲೆ ಹೊರೆ ಕಡಿಮೆ ಇರಬೇಕು. ಝೀರೋ ತುಂಬಿದ ತೂಕ ಸುಮಾರು 2400 ಕಿಲೋ, ರೆಕ್ಕೆ 22.4 ಚದರ ಮೀಟರ್. ಭಾಗಿಸಿ ನೋಡಿ, ಚದರ ಮೀಟರಿಗೆ 107 ಕಿಲೋ. ವೈಲ್ಡ್‌ಕ್ಯಾಟಿನ ಎಫ್4ಎಫ್-4 ಮಾದರಿಯದ್ದು 150ರ ಹತ್ತಿರ. ನಮ್ಮೂರ ಓಣಿಯಲ್ಲಿ ಖಾಲಿ ಆಟೋ ರಿಕ್ಷಾ ಮತ್ತು ಕೆಂಪುಕಲ್ಲು ತುಂಬಿದ ಲಾರಿ ಎರಡೂ ತಿರುಗಿಸಲು ಹೊರಟ ಹಾಗೆ.

ಇಷ್ಟೆಲ್ಲ ಗೊತ್ತಿದ್ದೂ ನಾನು ಅವನಿಗೆ ಹೇಳಿದ್ದು ಬೇರೆಯೇ. ಒಂದು ರಾತ್ರಿ ಸತತ ಆರನೇ ಸಲ ಉರುಳಿದ ಮೇಲೆ ಅವನು, "ಮಾವ, ಈ ವಿಮಾನವೇ ಸರಿ ಇಲ್ಲ" ಎಂದ. ನಾನು, "ವಿಮಾನ ಅಲ್ಲ, ನಿನಗೆ ತಾಳ್ಮೆ ಇಲ್ಲ. ಇಲ್ಲಿಯೂ ಅಷ್ಟೆ, ಓದಿನಲ್ಲಿಯೂ ಅಷ್ಟೆ" ಎಂದುಬಿಟ್ಟೆ. ಆ ಕಡೆ ಸ್ವಲ್ಪ ಹೊತ್ತು ಫ್ಯಾನಿನ ಸದ್ದು ಮಾತ್ರ. "ಆಯ್ತು ಮಾವ, ಮಲಗ್ತೇನೆ." ಆಮೇಲೆ ಮೂರು ವಾರ ಅವನು ಆಟಕ್ಕೆ ಬರಲಿಲ್ಲ.

ದೀಪಾವಳಿಗೆ ಮನೆಗೆ ಬಂದ. ಚಾ ಕುಡಿಯುತ್ತಾ ನನ್ನ ಕಂಪ್ಯೂಟರಿನ ಮುಂದೆ ಕೂತು ಆಟ ತೆರೆದ. ಹಾರುವ ಮೊದಲು ಗುಂಡು, ಪೆಟ್ರೋಲು ಎಷ್ಟೆಷ್ಟು ಬೇಕೆಂದು ಆರಿಸುವ ಒಂದು ಪುಟ ಬರುತ್ತದೆ. ಅವನ ಕೈ ಮೌಸಿನ ಮೇಲೆ ನಿಂತಿತು.

"ಮಾವ, ಇದು ಎಂತ 25?"

ನಾನು ಕಾಲು ಟ್ಯಾಂಕ್ ಪೆಟ್ರೋಲಿನಲ್ಲಿ ಹಾರುತ್ತಿದ್ದೆ. ಅವನು ಆ ಪುಟವನ್ನು ಮುಟ್ಟುತ್ತಲೇ ಇರಲಿಲ್ಲ, ಅವನದ್ದು ಯಾವಾಗಲೂ 100. ಝೀರೋದ ಒಳಟ್ಯಾಂಕುಗಳಲ್ಲಿ 500 ಲೀಟರಿಗಿಂತ ಸ್ವಲ್ಪ ಹೆಚ್ಚು ಹಿಡಿಯುತ್ತದೆ. ಮುಕ್ಕಾಲು ಭಾಗ ಬಿಟ್ಟರೆ 280 ಕಿಲೋದಷ್ಟು ಭಾರ ಇಳಿಯಿತು. ನನ್ನ 107 ಆಗ 95ಕ್ಕೆ ಇಳಿದಿತ್ತು, ಅವನ 150 ಹಾಗೇ ಇತ್ತು. ನನಗೆ ಇದು ಗೊತ್ತಿತ್ತು. ನಾನೇನೂ ಮುಚ್ಚಿಟ್ಟಿರಲಿಲ್ಲ, ಅವನು ಕೇಳಿರಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಕ್ಲಾಸಿನಲ್ಲಿ ಯಾರಾದರೂ ಹುಡುಗ ಇದೇ ಮಾತು ಹೇಳಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ!

ಪ್ರಯೋಗ ಎಂದರೇನು ಎಂದು ವರ್ಷ ವರ್ಷ ಬೋರ್ಡಿನ ಮೇಲೆ ಬರೆಯುವವನು ನಾನು. ಒಂದನ್ನು ಮಾತ್ರ ಬದಲಾಯಿಸಬೇಕು, ಉಳಿದದ್ದೆಲ್ಲ ಸಮ ಇರಬೇಕು. ಇಲ್ಲಿ ವಿಮಾನ ಬೇರೆ, ಪೆಟ್ರೋಲು ಬೇರೆ, ಹಾರಿಸುವವನೂ ಬೇರೆ. ಅಷ್ಟರ ಮೇಲೆ ನಾನು ತೀರ್ಪು ಕೊಟ್ಟದ್ದು ವಿಮಾನದ ಬಗ್ಗೆ ಕೂಡ ಅಲ್ಲ, ಹುಡುಗನ ಬಗ್ಗೆ.

ಅವನು ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ಒಳ್ಳೆಯದಿತ್ತು. "ಸರಿ ಮಾಡಿ ಆಡುವ" ಎಂದ, ಅಷ್ಟೆ.

ಅವನು ಮಂಗಳೂರಿಗೆ ಹೋದ ಮೇಲೆ ಒಂದು ಹಳೆಯ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ನಿಯಮ ಬರೆದೆ. ಇಬ್ಬರಿಗೂ 50 ಶೇಕಡಾ ಪೆಟ್ರೋಲು. ಒಂದೇ ಎತ್ತರ, ಒಂದೇ ಆರಂಭದ ವೇಗ. ಹತ್ತು ಕಾಳಗ, ಐದಾದ ಮೇಲೆ ವಿಮಾನ ಅದಲುಬದಲು. ಸುತ್ತುವ ಕಾಳಗವೇ ಆಡಿದೆವು. ಹತ್ತರಲ್ಲಿ ಎಂಟು ಝೀರೋ ಗೆದ್ದಿತು. ವೈಲ್ಡ್‌ಕ್ಯಾಟಿನಲ್ಲಿ ಕೂತಾಗ ನಾನು ಐದಕ್ಕೆ ಐದೂ ಸೋತೆ. ಅವನು ಅದೇ ವಿಮಾನದಲ್ಲಿ ಎರಡು ಗೆದ್ದಿದ್ದ! ತಾಳ್ಮೆ ಯಾರಿಗೆ ಇಲ್ಲ ಎಂದು ನೋಟ್‌ಬುಕ್ಕೇ ಹೇಳಿತು.

ಇಲ್ಲಿಗೆ ನಿಲ್ಲಿಸಿದ್ದರೆ 'ಝೀರೋ ಮೇಲು' ಎಂದು ಬರೆದು ಗೆರೆ ಎಳೆಯಬಹುದಿತ್ತು. ಆದರೆ ಹುಡುಗ ಇತಿಹಾಸ ಓದತೊಡಗಿದ್ದ. ಝೀರೋ ಹಗುರ ಇದ್ದದ್ದು ಪುಕ್ಕಟೆಯಾಗಿ ಅಲ್ಲ. ಜಿರೊ ಹೊರಿಕೊಶಿ ಎಂಬ ಎಂಜಿನಿಯರು ನೌಕಾಪಡೆ ಕೇಳಿದಷ್ಟು ದೂರ, ಕೇಳಿದಷ್ಟು ಚುರುಕು ಕೊಡಲು ಪೈಲಟಿನ ಬೆನ್ನಿಗೆ ಉಕ್ಕಿನ ಹಲಗೆ ಇಡಲಿಲ್ಲ. ಗುಂಡು ತಾಗಿದರೆ ತಾನೇ ಮುಚ್ಚಿಕೊಳ್ಳುವ ಪೆಟ್ರೋಲ್ ಟ್ಯಾಂಕೂ ಇರಲಿಲ್ಲ. ವೈಲ್ಡ್‌ಕ್ಯಾಟಿನಲ್ಲಿ ಇವೆರಡೂ ಇದ್ದವು. ಅದರ ತೂಕಕ್ಕೆ ಇದೂ ಒಂದು ಕಾರಣ.

1942ರ ಜೂನ್ 4ರಂದು ತದಾಯೊಶಿ ಕೋಗ ಎಂಬ ಜಪಾನಿ ಪೈಲಟಿನ ಝೀರೋಕ್ಕೆ ಗುಂಡು ತಾಗಿ ಎಣ್ಣೆ ಸೋರಿತು. ಅಲಾಸ್ಕಾದ ಅಕುಟಾನ್ ದ್ವೀಪದಲ್ಲಿ ಹುಲ್ಲುಗಾವಲು ಎಂದುಕೊಂಡು ಇಳಿಸಿದ. ಅದು ಜೌಗು. ಚಕ್ರ ಹೂತು ವಿಮಾನ ಮಗುಚಿತು, ಕೋಗ ಸತ್ತ. ಶತ್ರುವಿನ ಕೈಗೆ ವಿಮಾನ ಸಿಗದಂತೆ ಸುಟ್ಟುಹಾಕಬೇಕಾಗಿದ್ದ ಜೊತೆಗಾರರು, ಗೆಳೆಯ ಬದುಕಿರಬಹುದು ಎಂದು ಗುಂಡು ಹಾರಿಸದೆ ಹೋದರು. ಜುಲೈಯಲ್ಲಿ ಅಮೆರಿಕದವರಿಗೆ ಅದು ಸಿಕ್ಕಿತು. ಸಾನ್ ಡಿಯೆಗೊಕ್ಕೆ ಒಯ್ದು ರಿಪೇರಿ ಮಾಡಿ ಸೆಪ್ಟೆಂಬರಿನಲ್ಲಿ ಹಾರಿಸಿ ನೋಡಿದರು. ಗಂಟೆಗೆ 370 ಕಿಲೋಮೀಟರ್ ದಾಟಿದರೆ ರೆಕ್ಕೆ ಹೊರಳಿಸುವ ಹಿಡಿತ ಬಿಗಿಯಾಗುತ್ತದೆ, ಎಡಕ್ಕಿಂತ ಬಲಕ್ಕೆ ಹೊರಳುವುದು ಇನ್ನೂ ಕಷ್ಟ, ಮೂತಿಯನ್ನು ತಟ್ಟನೆ ಕೆಳಗೆ ಒತ್ತಿದರೆ ಎಂಜಿನ್ ಕೆಮ್ಮುತ್ತದೆ ಎಂದೆಲ್ಲ ಗೊತ್ತಾಯಿತು.

ಅದೇ ಜೂನ್ 4ರಂದು ಮಿಡ್‌ವೇ ದ್ವೀಪದ ಬಳಿ ಜಾನ್ ಥ್ಯಾಚ್ ಎಂಬ ಅಮೆರಿಕನ್ ಪೈಲಟ್ ಆರು ವೈಲ್ಡ್‌ಕ್ಯಾಟ್‌ಗಳೊಂದಿಗೆ ಅದಕ್ಕಿಂತ ಎಷ್ಟೋ ಹೆಚ್ಚು ಝೀರೋಗಳ ನಡುವೆ ಸಿಕ್ಕಿಬಿದ್ದಿದ್ದ. ಹಿಂದಿನ ವರ್ಷವೇ ಮನೆಯ ಮೇಜಿನ ಮೇಲೆ ಬೆಂಕಿಕಡ್ಡಿ ಜೋಡಿಸಿ ಅವನು ಒಂದು ಉಪಾಯ ಕಂಡುಕೊಂಡಿದ್ದ. ಇಬ್ಬರು ದೂರ ದೂರ ಸಮಾನಾಂತರವಾಗಿ ಹಾರುವುದು. ಒಬ್ಬನ ಬೆನ್ನಿಗೆ ಶತ್ರು ಬಿದ್ದರೆ ಇಬ್ಬರೂ ಒಬ್ಬರ ಕಡೆಗೊಬ್ಬರು ತಿರುಗುವುದು. ಹಿಂಬಾಲಿಸಿದ ಶತ್ರು ಇನ್ನೊಬ್ಬನ ಬಂದೂಕಿನ ಎದುರಿಗೇ ಬರುತ್ತಾನೆ. ಕಾಯಬೇಕಾಗಿದ್ದ ಟಾರ್ಪಿಡೊ ವಿಮಾನಗಳಲ್ಲಿ ಹೆಚ್ಚಿನವನ್ನು ಅಂದು ಉಳಿಸಲಾಗಲಿಲ್ಲ. ಆದರೆ ಅವನ ಆರರಲ್ಲಿ ಬಿದ್ದದ್ದು ಒಂದೇ.

ನಮ್ಮ ಮುಂದಿನ ಹತ್ತು ಕಾಳಗಗಳಲ್ಲಿ ನಿಯಮ ಅದೇ, ಸುತ್ತಲೇಬೇಕು ಎಂಬುದನ್ನು ಮಾತ್ರ ತೆಗೆದೆವು. ಹುಡುಗ ಸುತ್ತಲೇ ಇಲ್ಲ! ವೇಗವಾಗಿ ಕೆಳಗೆ ಧುಮುಕುವುದು, ಝೀರೋದ ಕೈ ಬಿಗಿಯಾದಾಗ ಬಲಕ್ಕೆ ಹೊರಳಿ ತಪ್ಪಿಸಿಕೊಳ್ಳುವುದು, ದೂರ ಹೋಗಿ ಮೇಲೆ ಬಂದು ಒಂದೇ ಏಟು ಹೊಡೆಯುವುದು. ಒಮ್ಮೆ ಅವನು ನನಗಿಂತ 500 ಮೀಟರ್ ಕೆಳಗಿದ್ದ. ಗೆದ್ದೆ ಎಂದುಕೊಂಡೆ. ಆಮೇಲೆ ಲೆಕ್ಕ ಹಾಕಿದರೆ, 3000 ಮೀಟರಿನಲ್ಲಿ ಗಂಟೆಗೆ 360ರ ವೇಗದಲ್ಲಿದ್ದ ನನ್ನ ವೇಗವನ್ನು ಎತ್ತರಕ್ಕೆ ಬದಲಾಯಿಸಿದರೆ ಸಿಗುವುದು 510 ಮೀಟರ್, ಒಟ್ಟು 3510. ಅವನು 2500ರಲ್ಲಿ 540ರ ವೇಗದಲ್ಲಿದ್ದ. ಅವನ ವೇಗದ ಬೆಲೆ 1150 ಮೀಟರ್, ಒಟ್ಟು 3650. ಕೆಳಗಿದ್ದವನ ಕೈಯಲ್ಲೇ ಹೆಚ್ಚು ಶಕ್ತಿ! ಚಲನಶಕ್ತಿ, ಸ್ಥಿತಿಶಕ್ತಿ ಎಂದು ಎಷ್ಟು ವರ್ಷ ಪಾಠ ಮಾಡಿದೆನೋ, ಬೆನ್ನಿಗೆ ಗುಂಡು ಬಿದ್ದ ಮೇಲೆ ಅರ್ಥವಾಯಿತು. ಆ ಹತ್ತರಲ್ಲಿ ವೈಲ್ಡ್‌ಕ್ಯಾಟ್ ಗೆದ್ದದ್ದು ಆರು.

ಹಾಗಾದರೆ ಯಾವ ವಿಮಾನ ಮೇಲು? ಎಷ್ಟು ವೇಗದಲ್ಲಿ, ಯಾವ ಎತ್ತರದಲ್ಲಿ, ಎಷ್ಟು ಪೆಟ್ರೋಲಿಟ್ಟುಕೊಂಡು, ಎಂತ ಮಾಡಲಿಕ್ಕೆ ಎಂದು ಮೊದಲು ಹೇಳಿ, ಆಮೇಲೆ ಉತ್ತರ ಕೊಡುತ್ತೇನೆ.

ಆ ರಾತ್ರಿ ಆಟ ಮುಗಿದ ಮೇಲೆ, "ನಾನು ಅವತ್ತು ಓದಿನ ಬಗ್ಗೆ ಒಂದು ಮಾತು ಹೇಳಿದ್ದೆ. ಅದು ತಪ್ಪು ಮಾರಾಯ" ಎಂದೆ.

"ಯಾವ ಮಾತು ಮಾವ?" ಎಂದ. ಅವನಿಗೆ ಚೆನ್ನಾಗಿ ನೆನಪಿತ್ತು, ಸ್ವರದಲ್ಲಿ ಗೊತ್ತಾಗುತ್ತಿತ್ತು. ಆಮೇಲೆ ತಾನಾಗಿಯೇ ಹೇಳಿದ, ಪರೀಕ್ಷೆಯ ಹಿಂದಿನ ತಿಂಗಳುಗಳಲ್ಲಿ ಸಂಜೆ ಒಂದು ಅಂಗಡಿಯಲ್ಲಿ ಕೆಲಸಕ್ಕೆ ಹೋಗುತ್ತಿದ್ದನಂತೆ, ರೂಮಿನ ಬಾಡಿಗೆಗೆ. ಅಕ್ಕನಿಗೆ ಗೊತ್ತಿಲ್ಲ. ನಾನೂ ಕೇಳಿರಲಿಲ್ಲ.

ಹೋದ ವಿಷಯಗಳಲ್ಲಿ ಒಂದು ಪಾಸಾಗಿದೆ, ಇನ್ನೊಂದು ಬಾಕಿ ಉಂಟು. ಮೊನ್ನೆ ಶಾಲೆಯಲ್ಲಿ ಮಾರ್ಕು ತುಂಬಿಸುತ್ತಾ ಕೂತವನು ಒಂದು ಹೆಸರಿನ ಹತ್ತಿರ ಪೆನ್ನು ನಿಲ್ಲಿಸಿ, ಈ ಹುಡುಗಿ ಎಷ್ಟು ಭಾರ ಹೊತ್ತು ಹಾರುತ್ತಿದ್ದಾಳೋ ಎಂದು ಯೋಚಿಸಿದೆ. ಮಾರ್ಕು ಬದಲಾಯಿಸಲಿಲ್ಲ. ಮರುದಿನ ಕರೆದು ಕೇಳಿದೆ.

ನಮ್ಮ ಕಾಳಗ ಈಗಲೂ ವಾರಕ್ಕೆ ಎರಡು ರಾತ್ರಿ ನಡೆಯುತ್ತದೆ. ಎಂಜಿನ್ ಶುರು ಮಾಡುವ ಮೊದಲು ಅವನು ಒಂದೇ ಪ್ರಶ್ನೆ ಕೇಳುತ್ತಾನೆ.

"ಮಾವ, ಐವತ್ತು?"

"ಐವತ್ತೇ ಮಾರಾಯ."