ಬಿಳಿ ಮೊಲಕ್ಕೆ ಎಷ್ಟು ಕಾಲು?

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ಹಟ ಮಾಡುವವರು ನಮ್ಮ ಗಾದೆಯಲ್ಲಷ್ಟೇ ಇದ್ದಾರೆಂದು ತಿಳಿಯಬೇಡಿ. ಅಮೆರಿಕದ ಸಾನ್‌ಫ್ರಾನ್ಸಿಸ್ಕೊದ ರಾಕ್ ತಂಡವೊಂದು 1967ರಲ್ಲಿ ಬಿಟ್ಟ ಬಿಳಿ ಮೊಲವೊಂದಿದೆ. ಅದರ ಕಾಲುಗಳನ್ನು ಜನ ಇಂದಿಗೂ ಎಣಿಸುತ್ತಲೇ ಇದ್ದಾರೆ. ಜೆಫರ್ಸನ್ ಏರ್‌ಪ್ಲೇನ್ ತಂಡದ ‘ವೈಟ್ ರ್‍ಯಾಬಿಟ್’ ಹಾಡಿನ ವಿಷಯ ಹೇಳುತ್ತಿದ್ದೇನೆ. ಹೆಚ್ಚೆಂದರೆ ಎರಡೂವರೆ ನಿಮಿಷದ ಹಾಡು. ಡಿಕಾಕ್ಷನ್ ಇಳಿಯುವಷ್ಟರಲ್ಲಿ ನಾಲ್ಕು ಸಲ ಕೇಳಿ ಮುಗಿಸಬಹುದು. ಆದರೆ ಅದು ಎಬ್ಬಿಸಿದ ಜಗಳ ಐವತ್ತು ವರ್ಷ ದಾಟಿದರೂ ಮುಗಿದಿಲ್ಲ. ಮಾದಕ ವಸ್ತುವಿಗೆ ಹಾಡಿದ ಜೋಗುಳ ಅದು ಎನ್ನುವವರು ಒಂದು ಕಡೆ. ಅಲ್ಲ, ದೊಡ್ಡವರ ಬೂಟಾಟಿಕೆಗೆ ಹಿಡಿದ ಕನ್ನಡಿ ಎನ್ನುವವರು ಇನ್ನೊಂದು ಕಡೆ. ಇವೆರಡರ ನಡುವೆ ಮಕ್ಕಳ ಪುಸ್ತಕವೊಂದು ಸಿಕ್ಕಿಕೊಂಡಿದೆ. ನನಗೆ ಕಾಳಜಿ ಇರುವುದು ಆ ಪುಸ್ತಕದ ಬಗ್ಗೆ.

ಹಾಡು ಬರೆದವಳು ಗ್ರೇಸ್ ಸ್ಲಿಕ್. 1939ರಲ್ಲಿ ಹುಟ್ಟಿದ ಈಕೆ ಮೊದಲು ರೂಪದರ್ಶಿಯಾಗಿದ್ದವಳು. ಗಂಡ ಜೆರ್‍ರಿ ಮತ್ತು ಮೈದುನ ಡಾರ್ಬಿಯ ಜೊತೆ 1965ರಲ್ಲಿ ‘ದಿ ಗ್ರೇಟ್ ಸೊಸೈಟಿ’ ಎಂಬ ತಂಡ ಕಟ್ಟಿದಳು. ಕೆಲವು ಕೀಗಳೇ ಕಿತ್ತುಹೋಗಿದ್ದ ಹಳೆಯ ಕೆಂಪು ಪಿಯಾನೋ ಒಂದರ ಮುಂದೆ ಕೂತು ಈ ಹಾಡನ್ನು ಕಟ್ಟಿದ್ದು ಆಗಲೇ. 1966ರ ಅಕ್ಟೋಬರ್‌ನಲ್ಲಿ ಆಕೆ ಜೆಫರ್ಸನ್ ಏರ್‌ಪ್ಲೇನ್ ಸೇರಿದಾಗ ತವರಿನ ಗಂಟಿನಂತೆ ಎರಡು ಹಾಡುಗಳನ್ನು ಕೊಂಡೊಯ್ದಳು. ಒಂದು ಮೈದುನ ಬರೆದದ್ದು, ಇನ್ನೊಂದು ಇದು. ಎರಡೂ ಆ ತಂಡದ ‘ಸರ್ರಿಯಲಿಸ್ಟಿಕ್ ಪಿಲ್ಲೊ’ ಧ್ವನಿಮುದ್ರಿಕೆಯಲ್ಲಿ 1967ರ ಫೆಬ್ರುವರಿಯಲ್ಲಿ ಬಂದವು. ಮೊಲದ ಹಾಡು ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಎಂಟನೆಯ ಸ್ಥಾನದವರೆಗೂ ಏರಿತು. ಎಲ್‌ಎಸ್‌ಡಿ ಎಂಬ ಭ್ರಮಾಜನಕ ವಸ್ತುವನ್ನು ಕ್ಯಾಲಿಫೋರ್ನಿಯಾ ಕಾನೂನಿನಿಂದ ನಿಷೇಧಿಸಿದ್ದೂ 1966ರ ಅದೇ ಅಕ್ಟೋಬರ್‌ನಲ್ಲಿ ಎಂಬುದನ್ನು ನೆನಪಿಟ್ಟುಕೊಂಡರೆ, ಹಾಡಿನ ಸುತ್ತ ಎದ್ದ ಗದ್ದಲ ಅರ್ಥವಾಗುತ್ತದೆ.

ಸಂಗೀತದ ಮಾತಾಡದೆ ಮುಂದೆ ಹೋಗಲಾರೆ. ಮೊದಲು ಬಾಸ್ ಗಿಟಾರ್ ಮೆಲ್ಲನೆ ಹೆಜ್ಜೆ ಹಾಕುತ್ತದೆ. ಹಿಂದೆಯೇ ಸ್ನೇರ್ ಡ್ರಮ್ಮು ಪೆರೇಡಿನ ಸಿಪಾಯಿಯ ಹಾಗೆ ಸೇರಿಕೊಳ್ಳುತ್ತದೆ. ಫ್ರೆಂಚ್ ಸಂಯೋಜಕ ರವೆಲ್ 1928ರಲ್ಲಿ ರಚಿಸಿದ ‘ಬೊಲೆರೊ’ ಮತ್ತು ಮೈಲ್ಸ್ ಡೇವಿಸ್‌ನ 1960ರ ‘ಸ್ಕೆಚಸ್ ಆಫ್ ಸ್ಪೇನ್’ ಇವೆರಡರ ಗುಂಗಿನಲ್ಲಿ ಹುಟ್ಟಿದ ನಡೆ ಇದು. ಆಧಾರ ಸ್ವರದಿಂದ ಅರ್ಧ ಸ್ವರ ಮೇಲೆ ಹೋಗಿ ಮತ್ತೆ ಇಳಿಯುವ ಆ ಓಡಾಟವನ್ನು ಕೇಳಿದಾಗ, ಮಾಯಾಮಾಳವಗೌಳದ ಸರಳೆ ವರಸೆಯಲ್ಲಿ ಷಡ್ಜಕ್ಕೆ ಅಂಟಿಕೊಂಡೇ ಬರುವ ಶುದ್ಧ ರಿಷಭ ನನ್ನ ಕಿವಿಗೆ ನೆನಪಾಗುತ್ತದೆ. ಅದು ರಾಗವಲ್ಲ, ನಿಜ. ಆದರೆ ಏನೋ ಸಂಭವಿಸಲಿದೆ ಎಂಬ ಕಾತರ ಎರಡರಲ್ಲೂ ಒಂದೇ. ಗ್ರೇಟ್ ಸೊಸೈಟಿಯವರು ಸಾನ್‌ಫ್ರಾನ್ಸಿಸ್ಕೊದ ‘ಮ್ಯಾಟ್ರಿಕ್ಸ್’ ಕ್ಲಬ್ಬಿನಲ್ಲಿ 1966ರಲ್ಲಿ ಇದನ್ನು ನುಡಿಸಿದ ಮುದ್ರಣವೂ ಉಳಿದಿದೆ. ಅದರಲ್ಲಿ ಹಾಡು ಶುರುವಾಗುವ ಮುಂಚೆ ನಮ್ಮ ಆಲಾಪನೆಯನ್ನು ಹೋಲುವ ನಿಡಿದಾದ ವಾದನವಿದೆ. ಆ ಮೈದುನ ಡಾರ್ಬಿ ಮುಂದೆ ಉಸ್ತಾದ್ ಅಲಿ ಅಕ್ಬರ್ ಖಾನರಲ್ಲಿ ಸರೋದ್ ಕಲಿಯಲು ಹೋದವನೆಂದು ತಿಳಿದಾಗ ನನಗೆ ಆಶ್ಚರ್ಯವಾಗಲಿಲ್ಲ. ಇಡೀ ಹಾಡಿನಲ್ಲಿ ಪಲ್ಲವಿ ಇಲ್ಲ. ಹಿಂದಿರುಗುವ ದಾರಿಯೇ ಇಲ್ಲದಂತೆ ಮೆಟ್ಟಿಲು ಮೆಟ್ಟಿಲಾಗಿ ಏರಿ, ತುದಿಯಲ್ಲಿ ಥಟ್ಟನೆ ನಿಲ್ಲುತ್ತದೆ.

ಇನ್ನು ಕತೆ. 1862ರ ಜುಲೈ 4ರಂದು ಆಕ್ಸ್‌ಫರ್ಡಿನ ಗಣಿತದ ಮೇಷ್ಟ್ರು ಚಾರ್ಲ್ಸ್ ಡಾಡ್ಜ್‌ಸನ್ ಮೂವರು ಪುಟ್ಟ ಹುಡುಗಿಯರನ್ನು ದೋಣಿಯಲ್ಲಿ ಕೂರಿಸಿಕೊಂಡು ಹೊರಟಾಗ, ಅವರಲ್ಲಿ ನಡುವಿನವಳಾದ ಹತ್ತು ವರ್ಷದ ಆಲಿಸ್ ಲಿಡೆಲ್ ಕತೆ ಹೇಳೆಂದು ಪೀಡಿಸಿದಳು. ಆಗ ಹೇಳಿದ್ದೇ 1865ರಲ್ಲಿ ಲೂಯಿ ಕ್ಯಾರಲ್ ಎಂಬ ಕಾವ್ಯನಾಮದಲ್ಲಿ ಪುಸ್ತಕವಾಯಿತು. 1871ರಲ್ಲಿ ಕನ್ನಡಿಯೊಳಗಿನ ಲೋಕದ ಎರಡನೆಯ ಭಾಗವೂ ಬಂತು. ಬಿಲದೊಳಗೆ ಬಿದ್ದ ಆಲಿಸ್ ಬಾಟಲಿಯಲ್ಲಿದ್ದದ್ದನ್ನು ಕುಡಿದು ಕುಳ್ಳಾಗುತ್ತಾಳೆ, ಕೇಕು ತಿಂದು ಉದ್ದವಾಗುತ್ತಾಳೆ. ಅಣಬೆಯ ಮೇಲೆ ಕುಳಿತ ಕಂಬಳಿಹುಳುವೊಂದು ಹುಕ್ಕಾ ಸೇದುತ್ತ ಅವಳನ್ನು ಪ್ರಶ್ನಿಸುತ್ತದೆ. (ಆ ಹುಕ್ಕಾ ಎಂಬ ಪದವೇ ಇಂಗ್ಲಿಷಿಗೆ ಹೋದದ್ದು ನಮ್ಮ ದೇಶದಿಂದ, ಕಂಪನಿಯ ದೊರೆಗಳ ಕಾಲದಲ್ಲಿ.) ಗ್ರೇಸ್ ಸ್ಲಿಕ್ ಇವನ್ನೆಲ್ಲ ಹಾಡಿಗೆ ತಂದಳು. ಪುಸ್ತಕ ಎದುರಿಗಿಟ್ಟುಕೊಂಡು ಬರೆದಳೆಂದು ತೋರುವುದಿಲ್ಲ. ತಲೆ ಕಡಿಯಿರೆಂದು ಅಬ್ಬರಿಸುವವಳು ಪುಸ್ತಕದಲ್ಲಿ ಇಸ್ಪೀಟಿನ ರಾಣಿ, ಹಾಡಿನಲ್ಲಿ ಚದುರಂಗದ ಕೆಂಪು ರಾಣಿ. ಬಾಲ್ಯದಲ್ಲಿ ಕೇಳಿದ ಕತೆ ದೊಡ್ಡವರಾದ ಮೇಲೆ ಹೀಗೆಯೇ ತಾನೇ ನೆನಪಾಗುವುದು! ನಮ್ಮಲ್ಲೂ ಯಾವ ರಾಕ್ಷಸ ಯಾವ ಪುರಾಣದವನೆಂದು ಕೇಳಿದರೆ ಎಷ್ಟು ಜನ ಸರಿಯಾಗಿ ಹೇಳಿಯಾರು?

ಹಾಡು ಯುವಕರನ್ನು ಕೆಡಿಸುತ್ತದೆ ಎಂಬ ಆಪಾದನೆಗೆ ಗ್ರೇಸ್ ಸ್ಲಿಕ್ ಅನೇಕ ಸಂದರ್ಶನಗಳಲ್ಲಿ ಕೊಟ್ಟ ಉತ್ತರದ ಸಾರ ಇಷ್ಟು: ನಾನು ಬರೆದದ್ದು ಯುವಕರಿಗಲ್ಲ, ಅವರ ತಂದೆತಾಯಿಗಳಿಗೆ. ಕೈಯಲ್ಲಿ ಮದ್ಯದ ಗ್ಲಾಸು ಹಿಡಿದುಕೊಂಡೇ ಮಕ್ಕಳಿಗೆ ನೀತಿ ಹೇಳುತ್ತೀರಿ. ಏನನ್ನೋ ನುಂಗಿದರೆ ಅದ್ಭುತ ಲೋಕ ತೆರೆಯುತ್ತದೆಂಬ ಕತೆಗಳನ್ನು ಮಲಗುವಾಗ ನೀವೇ ಓದಿ ಹೇಳುತ್ತೀರಿ. ಆಮೇಲೆ ಮಕ್ಕಳು ಹಾಗೆ ಮಾಡಿದರೆ ಬೆಚ್ಚಿಬೀಳುತ್ತೀರಿ. ಇದರ ಜೊತೆಗೆ ಇನ್ನೊಂದು ಮಾತನ್ನೂ ಆಕೆ ಹೇಳಿದ್ದಾಳೆ: ಆಲಿಸಳನ್ನು ಬಿಡಿಸಿಕೊಂಡು ಹೋಗಲು ಯಾವ ರಾಜಕುಮಾರನೂ ಬರುವುದಿಲ್ಲ, ಅವಳು ತನ್ನ ಕುತೂಹಲದ ಬೆನ್ನು ಹತ್ತಿ ತಾನೇ ಹೋಗಿ ತಾನೇ ಬರುತ್ತಾಳೆ, ಮೊಲವೆಂದರೆ ಆ ಕುತೂಹಲವೇ.

ಎರಡನೆಯ ಮಾತಿಗೆ ನನ್ನ ಪೂರ್ತಿ ಒಪ್ಪಿಗೆಯಿದೆ. ಮೊದಲನೆಯದು ನನ್ನನ್ನು ಬಹಳ ವರ್ಷ ಕಾಡಿತು. ಕಾರಣ ಹೇಳುತ್ತೇನೆ.

1979ರಲ್ಲಿ ನಾನು ಬೆಂಗಳೂರಿನ ಹಾಸ್ಟೆಲೊಂದರಲ್ಲಿದ್ದೆ. ಪಕ್ಕದ ಮಂಚದ ಗೆಳೆಯ ಬಯಲುಸೀಮೆಯವನು. ನಮ್ಮೆಲ್ಲರಿಗಿಂತ ಬುದ್ಧಿವಂತ, ನಮ್ಮೆಲ್ಲರಿಗಿಂತ ಹೆಚ್ಚು ಓದಿದವನು. ಯಾರೋ ಕೊಟ್ಟ ಕ್ಯಾಸೆಟ್ಟಿನಲ್ಲಿ ಈ ಹಾಡಿತ್ತು. ಟೇಪು ಎಳೆದಾಡುವ ತನಕ ಹಾಕುತ್ತಿದ್ದ. ಆಲಿಸಳ ಪುಸ್ತಕವನ್ನು ಅವನಿಂದಲೇ ಪಡೆದು ನಾನು ಓದಿದ್ದು. ಹಾಡಿನಲ್ಲಿ ಅಮ್ಮ ಕೊಡುವ ಮಾತ್ರೆಯ ಬಗ್ಗೆ ಒಂದು ಕೊಂಕು ಇದೆ. ಅದು ಬಂದಾಗಲೆಲ್ಲ ಅವನು ಕಿಟಕಿಯ ಮೇಲಿನ ಡಬ್ಬಿ ತೋರಿಸಿ ನಗುತ್ತಿದ್ದ. ಅವನ ತಾಯಿ ಊರ ಕಡೆಯಿಂದ ಬರುವವರ ಕೈಲಿ ಕಳಿಸುತ್ತಿದ್ದ ಕಷಾಯದ ಪುಡಿ ಅದರಲ್ಲಿರುತ್ತಿತ್ತು. ಮೊದಲು ಗಾಂಜಾ, ಆಮೇಲೆ ಏನೇನೋ ಮಾತ್ರೆ. ‘ಆಲಿಸ್ ತಿಂದಳಲ್ಲೋ, ಅವಳಿಗೇನಾಯಿತು?’ ಎಂದು ನನ್ನನ್ನೇ ಕೇಳುತ್ತಿದ್ದ. ಎಂಬತ್ತರ ದಶಕದಲ್ಲಿ ನಮ್ಮ ನಗರಗಳಿಗೆ ಬ್ರೌನ್ ಶುಗರ್ ಬಂತು. ಅದಾದ ಮೇಲೆ ನಗೆಯೂ ಇರಲಿಲ್ಲ, ಹಾಡೂ ಇರಲಿಲ್ಲ. 1986ರಲ್ಲಿ ಅವನು ಊರಿನಲ್ಲೇ ತೀರಿಕೊಂಡ.

ಹನ್ನೊಂದನೆಯ ದಿನ ಹೋಗಿದ್ದೆ. ಎಲ್ಲ ಮುಗಿದ ಮೇಲೆ ಅವನ ತಾಯಿ ಒಂದು ಟ್ರಂಕು ತೆಗೆದು ಪುಸ್ತಕಗಳನ್ನು ನನ್ನ ಮುಂದಿಟ್ಟರು. ಆಕೆಗೆ ಇಂಗ್ಲಿಷ್ ಬಾರದು. ‘ನೀನೂ ಇವನ್ನೆಲ್ಲ ಓದಿದೋನಲ್ವೇನಪ್ಪಾ, ಇದ್ರಲ್ಲಿ ಏನಿತ್ತು? ನನ್ನ ಮಗ ಓದಬಾರದ್ದು ಏನಾದ್ರೂ ಇತ್ತಾ?’ ಎಂದರು. ‘ಇಲ್ಲಮ್ಮ, ಅದರಲ್ಲಿ ಅಂಥದ್ದೇನೂ ಇಲ್ಲ’ ಎಂದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಾನೂ ಅವನಿಗೆ ದಿನಾ ರಾತ್ರಿ ಕತೆ ಹೇಳ್ತಿದ್ದೆ. ಹನುಮಂತ ದೊಡ್ಡೋನಾಗಿದ್ದು, ಚಿಕ್ಕೋನಾಗಿದ್ದು’ ಎಂದರು. ಮುಂದೆ ಮಾತಾಡಲಿಲ್ಲ.

ಗ್ರೇಸ್ ಸ್ಲಿಕ್‌ಳ ಆಪಾದನೆ ನಿಜವಾದರೆ ಆ ತಾಯಿಯೂ ಕಟಕಟೆ ಹತ್ತಬೇಕಾಗುತ್ತದೆ. ಬರೀ ಆಕೆಯೇ ಏಕೆ, ನಮ್ಮ ಅಜ್ಜಿಯರೆಲ್ಲ ಹತ್ತಬೇಕಾಗುತ್ತದೆ. ನಮ್ಮ ಕತೆಗಳಲ್ಲಿ ನುಂಗುವುದಕ್ಕೇನು ಕಡಿಮೆಯೇ? ದಶರಥನ ರಾಣಿಯರು ಪಾಯಸ ಕುಡಿದರೆ ರಾಮಾಯಣವೇ ಹುಟ್ಟುತ್ತದೆ. ಒಬ್ಬ ಅಮೃತ ಕುಡಿಯುತ್ತಾನೆ, ಇನ್ನೊಬ್ಬ ವಿಷ ಕುಡಿದು ಗಂಟಲಲ್ಲಿ ಇಟ್ಟುಕೊಳ್ಳುತ್ತಾನೆ. ಇವನ್ನು ಕೇಳುತ್ತ ನಿದ್ದೆಹೋದ ಕೋಟ್ಯಂತರ ಮಕ್ಕಳು ದೊಡ್ಡವರಾಗಿ ಬೆಳಗಿನ ಬಸ್ಸು ಹಿಡಿದು ಕೆಲಸಕ್ಕೆ ಹೋಗಿದ್ದಾರೆ.

ಆಕೆಯ ಮಾತಿನ ಇನ್ನೊಂದು ಅರ್ಧ ಮಾತ್ರ ಸುಳ್ಳಲ್ಲ. ತಲೆನೋವಿಗೊಂದು, ನಿದ್ದೆಗೊಂದು, ಬೇಸರಕ್ಕೊಂದು ಎಂದು ಮಾತ್ರೆ ನುಂಗುವ ಮನೆಯಲ್ಲಿ ಮಗು ಕತೆಯನ್ನಷ್ಟೇ ಕೇಳುವುದಿಲ್ಲ, ಕಣ್ಣಿಂದಲೂ ಕಲಿಯುತ್ತದೆ. ನಸ್ಯದ ಡಬ್ಬಿ ತಟ್ಟುತ್ತ ಸಿಗರೇಟಿನ ಕೆಡುಕು ವಿವರಿಸುತ್ತಿದ್ದ ಮೇಷ್ಟ್ರೊಬ್ಬರು ನನಗೂ ಇದ್ದರು. ಅಲ್ಲಿಗೆ ಆ ಹಾಡು ಸರಿಯಾಗಿಯೇ ಗುರಿಯಿಟ್ಟಿದೆ.

ಬಹಳ ವರ್ಷದ ಮೇಲೆ ಮಗಳಿಗೆ ಓದಿ ಹೇಳುವ ನೆಪದಲ್ಲಿ ಆಲಿಸಳನ್ನು ಮತ್ತೆ ತೆರೆದೆ. ಈ ಸಲ ಗೆಳೆಯನ ಪ್ರಶ್ನೆ ಜೊತೆಗಿತ್ತು. ಮೊದಲು ಕಂಡದ್ದು ಬಾಟಲಿಯ ಪ್ರಸಂಗ. ಕುಡಿ ಎಂದು ಚೀಟಿ ಕಟ್ಟಿದ್ದರೂ ಆಲಿಸ್ ಗಟಗಟನೆ ಕುಡಿದುಬಿಡುವುದಿಲ್ಲ. ವಿಷವೆಂದು ಎಲ್ಲಾದರೂ ಬರೆದಿದೆಯೇ ಎಂದು ಮೊದಲು ಹುಡುಕಿ ನೋಡುತ್ತಾಳೆ. ಆ ಎಚ್ಚರಿಕೆಯನ್ನು ಅವಳಿಗೆ ಕಲಿಸಿದ್ದು ಏನು ಗೊತ್ತೇ? ಹಿಂದೆ ಓದಿದ್ದ ಕತೆಗಳೇ! ಅಣಬೆಯ ವಿಷಯದಲ್ಲೂ ಹಾಗೆಯೇ. ಒಂದು ಬದಿ ತಿಂದರೆ ಬೆಳೆಯುತ್ತಾಳೆ, ಇನ್ನೊಂದು ಬದಿ ತಿಂದರೆ ಕುಗ್ಗುತ್ತಾಳೆ. ಎರಡು ಕೈಯಲ್ಲೂ ಒಂದೊಂದು ಚೂರು ಹಿಡಿದು, ಅದಿಷ್ಟು ಇದಿಷ್ಟು ಕಚ್ಚುತ್ತ, ತನ್ನ ಅಳತೆಗೆ ತಾನು ಬರುವ ತನಕ ಲೆಕ್ಕ ಹಾಕುತ್ತಾಳೆ. ಬರೆದವನು ಗಣಿತದ ಮೇಷ್ಟ್ರಲ್ಲವೇ.

ಹೋಲಿಕೆಗೆ ಗ್ರೇಸ್ ಸ್ಲಿಕ್‌ಳದೇ ಒಂದು ಪ್ರಸಂಗ ನೋಡಿ. ಆಕೆ ಓದಿದ್ದ ಫಿಂಚ್ ಕಾಲೇಜಿನ ಹಳೆಯ ವಿದ್ಯಾರ್ಥಿನಿಯರಿಗೆ 1970ರಲ್ಲಿ ಶ್ವೇತಭವನದಲ್ಲಿ ಚಹಾಕೂಟವಿತ್ತು. ಅಧ್ಯಕ್ಷ ನಿಕ್ಸನ್ನರ ಮಗಳೂ ಅದೇ ಕಾಲೇಜಿನವಳು. ನಿಕ್ಸನ್ನರ ಚಹಾದಲ್ಲಿ ಎಲ್‌ಎಸ್‌ಡಿ ಬೆರೆಸುವ ಯೋಚನೆಯಿಂದ ಗ್ರೇಸ್ ಹೊರಟಳು. ಬಾಗಿಲಲ್ಲೇ ತಡೆದದ್ದರಿಂದ ಅದು ನಡೆಯಲಿಲ್ಲ. ಆಕೆಯೇ ಮುಂದೆ ತಮಾಷೆಯಾಗಿ ಹೇಳಿಕೊಂಡ ಕತೆಯಿದು. ಓದಿದಾಗ ನನಗೂ ನಗು ಬಂತು. ಆದರೆ ಆಲಿಸಳ ಬಾಟಲಿಗೆ ಚೀಟಿಯಾದರೂ ಇತ್ತು. ಆ ಚಹಾದ ಲೋಟಕ್ಕೆ ಇರುತ್ತಿರಲಿಲ್ಲ. ನನ್ನ ಗೆಳೆಯನ ಕೈಗೆ ಬಂದ ಪೊಟ್ಟಣಗಳಿಗೂ ಇರಲಿಲ್ಲ.

ಆಮೇಲೆ ಈ ಮೊಲಕ್ಕೆ ಇನ್ನೂ ಹಲವರು ಕಾಲೆಣಿಸಿದರು. 1971ರಲ್ಲಿ ಹಾಡಿನ ಪದಗುಚ್ಛವೊಂದನ್ನೇ ಹೆಸರಾಗಿಸಿಕೊಂಡು, ಮಾದಕ ವಸ್ತುವಿಗೆ ಬಲಿಯಾದ ಹುಡುಗಿಯ ದಿನಚರಿ ಎಂದು ಒಂದು ಪುಸ್ತಕ ಬಂತು. ಅದು ದಿನಚರಿಯಲ್ಲ, ಬಿಯಾಟ್ರಿಸ್ ಸ್ಪಾರ್ಕ್ಸ್ ಎಂಬ ದೊಡ್ಡವರೊಬ್ಬರ ಕೈಬರಹವೆಂದು ಮುಂದೆ ತಿಳಿಯಿತು. 1986ರ ‘ಪ್ಲಟೂನ್’ ಚಿತ್ರದಲ್ಲಿ ವಿಯೆಟ್ನಾಂ ಯುದ್ಧದ ಸಿಪಾಯಿಗಳ ಅಮಲಿನ ನಡುವೆ ಇದೇ ಹಾಡು ಕೇಳಿಸಿತು. ಒಂದೇ ಹಾಡು ಒಬ್ಬರಿಗೆ ಕರೆ, ಇನ್ನೊಬ್ಬರಿಗೆ ಎಚ್ಚರಿಕೆ, ಮತ್ತೊಬ್ಬರಿಗೆ ಶೋಕ.

ಹಾಡಿನ ಕೊನೆಯಲ್ಲಿ ಡಾರ್‌ಮೌಸ್ ಎಂಬ ನಿದ್ದೆಬುರುಕ ಇಲಿ ಹೇಳಿದ್ದನ್ನು ನೆನೆಯಿರೆಂಬ ಕರೆ ಇದೆ. ಹಿಂದೆಯೇ, ತಲೆಗೂ ಹಸಿವಿದೆ, ಅದನ್ನು ನೋಡಿಕೊಳ್ಳಿ ಎಂಬ ಅರ್ಥದ ಆಜ್ಞೆ. ಅದು ಮಾತ್ರೆಯ ಮಾತೆಂದು ಲೋಕ ತಿಳಿಯಿತು. ಓದಿನ ಮಾತೂ ಹೌದೆಂದು ಗ್ರೇಸ್ ಹೇಳಿದಳು. ಸೋಜಿಗವೆಂದರೆ ಪುಸ್ತಕದಲ್ಲಿ ಇಲಿ ಅಂಥದ್ದೇನನ್ನೂ ಹೇಳುವುದಿಲ್ಲ. ಕೊನೆಯ ನ್ಯಾಯಾಲಯದ ದೃಶ್ಯದಲ್ಲಿ, ಡಾರ್‌ಮೌಸ್ ಏನು ಹೇಳಿತು ಎಂದು ಪಂಚರಲ್ಲೊಬ್ಬ ಕೇಳಿದಾಗ, ಸಾಕ್ಷಿ ನುಡಿಯುತ್ತಿದ್ದ ಟೋಪಿಯವನು ತನಗೆ ನೆನಪಿಲ್ಲ ಎಂದುಬಿಡುತ್ತಾನೆ. ಕ್ಯಾರಲ್ ಖಾಲಿ ಬಿಟ್ಟ ಆ ಜಾಗದಲ್ಲಿ ಸ್ಲಿಕ್ ತನ್ನ ಮಾತು ಬರೆದಳು, ಅಷ್ಟೆ.

ಅದೇ ದೃಶ್ಯದಲ್ಲಿ ಇನ್ನೊಂದು ಸಂಗತಿಯಿದೆ. ಹಾಡಿನಲ್ಲಿ ಅದಿಲ್ಲ, ನನ್ನ ಗೆಳೆಯನೂ ಅದನ್ನು ಎಂದೂ ಎತ್ತಲಿಲ್ಲ. ನ್ಯಾಯಾಲಯದಲ್ಲಿ ಕುಳಿತ ಆಲಿಸ್ ಇದ್ದಕ್ಕಿದ್ದಂತೆ ಬೆಳೆಯತೊಡಗುತ್ತಾಳೆ. ಈ ಸಲ ಬಾಟಲಿಯಿಲ್ಲ, ಕೇಕಿಲ್ಲ, ಅಣಬೆಯೂ ಇಲ್ಲ. ಏನನ್ನೂ ನುಂಗದೆ ತನ್ನ ಪೂರ್ತಿ ಎತ್ತರಕ್ಕೆ ಬೆಳೆದು ನಿಂತಾಗಲೇ, ತನ್ನನ್ನು ಹೆದರಿಸುತ್ತಿದ್ದವರೆಲ್ಲ ಬರೀ ಇಸ್ಪೀಟಿನ ಎಲೆಗಳೆಂದು ಅವಳಿಗೆ ಕಾಣುವುದು. ಸುರಸೆಯ ಬಾಯಿಯ ಮುಂದೆ ಬೆಳೆದು, ಹೆಬ್ಬೆರಳಿನಷ್ಟಾಗಿ ಒಳಹೊಕ್ಕು ಹೊರಬಂದ ಹನುಮಂತನೂ ಯಾವ ಗುಳಿಗೆಯನ್ನೂ ನುಂಗಿರಲಿಲ್ಲ. ಆ ತಾಯಿ ರಾತ್ರಿಯ ಹೊತ್ತು ಮಗನಿಗೆ ಹೇಳುತ್ತಿದ್ದದ್ದು ಈ ಕತೆಯನ್ನೇ.

ಹಾಡನ್ನು ಈಗಲೂ ಆಗೀಗ ಕೇಳುತ್ತೇನೆ, ಚೆನ್ನಾಗಿದೆ. ಮಕ್ಕಳಿಗೆ ಆಲಿಸಳನ್ನು ಓದಿ ಹೇಳುವವರಲ್ಲಿ ನನ್ನದೊಂದೇ ವಿನಂತಿ. ಬಿಲ, ಬಾಟಲಿ, ಅಣಬೆಗಳಿಗೇ ನಿಲ್ಲಿಸಿ ದೀಪ ಆರಿಸಬೇಡಿ. ಮಗು ಆಕಳಿಸಿದರೆ ನಾಳೆಗಿಟ್ಟುಕೊಂಡರಾಯಿತು, ನ್ಯಾಯಾಲಯದ ತನಕ ಓದಿ.